ರೇಷ್ಮೆ ಹುಳು ಸಾಕುತ್ತಿದ್ದ ಹಳೇ ಹುಳು ಮನೆಯನ್ನು ತಿಂಡಿ ಹೋಟೆಲ್ ಮಾಡುತ್ತಿದ್ದೇವೆ, ಒಳಗೆ ಏನೇನು ಉಳಿಸಿಕೊಳ್ಳಬೇಕು?

ಶಿಡ್ಲಘಟ್ಟದ ಹುಡುಗ:
ಶಿಡ್ಲಘಟ್ಟದ ಹತ್ತಿರ ರಸ್ತೆ ಪಕ್ಕದಲ್ಲೇ ನಮ್ಮ ತಾತ ಕಟ್ಟಿಸಿದ ಹುಳು ಮನೆ ಇದೆ. ಉದ್ದ 40 ಅಡಿ, ಅಗಲ 18. ಕಲ್ಲಿನ ಗೋಡೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. ರೇಷ್ಮೆ ಬಿಟ್ಟು ಆರು ವರ್ಷ ಆಯಿತು. ಭಾನುವಾರ ನಂದಿ ಬೆಟ್ಟಕ್ಕೆ ಬಂದವರು ಈ ಕಡೆಗೂ ಬರುತ್ತಾರೆ, ಅದಕ್ಕೇ ತಿಂಡಿ ಹೋಟೆಲ್ ಮಾಡೋಣ ಅಂತಿದ್ದೇವೆ. ಡಿಸೈನ್ ಮಾಡುವವರು ಬಂದು ನೋಡಿದರು. ಹೆಂಚು ಕಾಣದ ಹಾಗೆ ಪಿಓಪಿ ಸೀಲಿಂಗ್, ಗೋಡೆಗೆಲ್ಲ ಸಿಮೆಂಟ್, ಮೂಲೆಯಲ್ಲಿ ಸೆಲ್ಫಿಗೆ ನಿಯಾನ್ ರೆಕ್ಕೆ ಅಂತೆ. ಅಟ್ಟದ ಮೇಲಿರುವ 30 ಚಂದ್ರಿಕೆಯನ್ನು (ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆ) ಒಲೆಗೆ ಹಾಕಿ ಅಂದರು. ಕೇಳಿ ಹೊಟ್ಟೆ ಉರಿಯಿತು. ಈ ಥರ ಕೆಲಸ ಮಾಡಿಸಿದವರು ಇದ್ದರೆ ಹೇಳಿ.

ಚಿಂತಾಮಣಿ ಅಕ್ಕ:
ತಮ್ಮಾ, ಸಿಮೆಂಟ್ ಮಾತ್ರ ಬೇಡ. ನಮ್ಮ ಅಂಗಡಿಯಲ್ಲಿ ಅದೇ ಮಾಡಿಸಿ ಅನುಭವಿಸಿದ್ದೇನೆ. ಸುಣ್ಣದ ಗಾರೆ ತೇವ ಹೀರಿಕೊಂಡು ಮತ್ತೆ ಹೊರಗೆ ಬಿಡುತ್ತದೆ, ಸಿಮೆಂಟ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಎರಡನೇ ಮಳೆಗಾಲಕ್ಕೆ ಗೋಡೆ ತುಂಬಾ ಬೆಳ್ಳಗೆ ಉಪ್ಪು ಎದ್ದು, ಬಣ್ಣ ಹಪ್ಪಳದ ಹಾಗೆ ಉಬ್ಬಿತು, ಬೆರಳಿಟ್ಟರೆ ಪುಡಿ ಉದುರುತ್ತಿತ್ತು. ರಿಪೇರಿಗೂ ಸುಣ್ಣದ್ದೇ ಹಾಕಿಸು, ಆ ಕೆಲಸ ಗೊತ್ತಿರುವ ಹಿರಿಯ ಗಾರೆಯವರನ್ನು ಹುಡುಕು.

ಗೂಡು ಮಾರ್ಕೆಟ್:
ಹುಳುವಿಗೆ 24ರಿಂದ 28 ಡಿಗ್ರಿ ಬೇಕು, ಗಾಳಿ ಆಡಬೇಕು, ಬಿಸಿಲು ನೇರ ಬೀಳಬಾರದು. ಅದಕ್ಕೇ ತಾನೇ ನಿಮ್ಮ ತಾತ ಜಗಲಿ ಬಿಟ್ಟು, ಕೆಳಗೂ ಮೇಲೂ ಕಿಂಡಿ ಇಡಿಸಿರುವುದು? ಬಿಸಿ ಗಾಳಿ ಮೇಲಿನ ಕಿಂಡಿಯಿಂದ ಹೋಗುತ್ತದೆ, ತಣ್ಣಗಿನದು ಕೆಳಗಿಂದ ಬರುತ್ತದೆ. ಪಿಓಪಿ ಹೊಡೆದರೆ ಮೇಲಿನ ದಾರಿ ಮುಚ್ಚಿತು, ಆಮೇಲೆ ಏಸಿ ಬಿಲ್ ಕಟ್ಟುತ್ತಾ ಕೂರಬೇಕು. ಇನ್ನೊಂದು, ಹುಳುವಿಗೆ ರೋಗ ಬಾರದಿರಲಿ ಅಂತ ಬ್ಲೀಚಿಂಗ್, ಫಾರ್ಮಲಿನ್ ಹೊಡೆದ ಜಾಗ ಅದು. ಮೊದಲು ಚೆನ್ನಾಗಿ ತೊಳೆಸಿ, ಕೆಲವು ದಿನ ಕಿಟಕಿ ಬಾಗಿಲು ತೆಗೆದೇ ಇಡಿ.

ಕೋಲಾರದ ಕಾಫಿ:
ಚಂದ್ರಿಕೆ ದಯವಿಟ್ಟು ಸುಡಬೇಡಿ! 6 ಅಡಿಗೆ 4 ಅಡಿ ಚಾಪೆ, ಅದರ ಮೇಲೆ ಸುತ್ತು ಸುತ್ತಾಗಿ ನಿಲ್ಲಿಸಿದ ಬಿದಿರು ಪಟ್ಟಿ, ಅಂಥ ಕೈಕೆಲಸ ಈಗ ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಪಕ್ಕದಿಂದ ಒಂದು ಎಲ್‌ಇಡಿ ಬಲ್ಬ್ ಹಿಡಿದು ನೋಡಿ, ಆ ಸುರುಳಿಯ ನೆರಳೇ ಸಾಕು, ಬೇರೆ ಅಲಂಕಾರ ಬೇಡ. ಆದರೆ 30ನ್ನೂ ನೇತು ಹಾಕಬೇಡಿ. ಟೇಬಲ್‌ಗಳ ಮಧ್ಯೆ ಅಡ್ಡಕ್ಕೆ ನಾಲ್ಕೈದು ನಿಲ್ಲಿಸಿ, ಹಿಂದೆ ದಪ್ಪ ಗೋಣಿ ಹೊಲಿಸಿದರೆ ಕಲ್ಲು ಗೋಡೆಯ ಗಲಗಲ ಸದ್ದೂ ಸ್ವಲ್ಪ ಕಡಿಮೆ ಆಗುತ್ತದೆ. ಅಡುಗೆ ಮನೆ ಹತ್ತಿರ ಬೇಡ, ಜಿಡ್ಡು ಕೂರುತ್ತದೆ, ಬೆಂಕಿಯ ಭಯ ಬೇರೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ 1919ರ ಥಿಯೇಟರೊಂದನ್ನು 2000ರಲ್ಲಿ ಪುಸ್ತಕದಂಗಡಿ ಮಾಡಿದರು. ಬಾಲ್ಕನಿ, ಪರದೆ ಎಲ್ಲ ಹಾಗೇ ಇವೆ, ವೇದಿಕೆ ಮೇಲೆ ಕೂತು ಜನ ಕಾಫಿ ಕುಡಿಯುತ್ತಾರೆ. ಹಳೇ ವಸ್ತುವಿಗೆ ಹೊಸ ಕೆಲಸ ಕೊಟ್ಟರು, ಅಷ್ಟೇ. ನಿಮ್ಮ ಹುಳುವಿನ ತಟ್ಟೆ ಇಡುವ ಸ್ಟ್ಯಾಂಡ್ ಇನ್ನೂ ಇದೆಯಾ? ಗಟ್ಟಿಯಾಗಿದ್ದರೆ ಲೋಟ, ತಟ್ಟೆ ಜೋಡಿಸಲು ಅದೇ ಸಾಕಲ್ವಾ?

ಶಿಡ್ಲಘಟ್ಟದ ಹುಡುಗ:
ಸ್ಟ್ಯಾಂಡ್ ಇದೆ ಸಾರ್, ಎರಡು ಕಾಲಿಗೆ ಮಾತ್ರ ಗೆದ್ದಲು. ಪಿಓಪಿ, ಸಿಮೆಂಟ್ ಬೇಡ ಅಂತ ಫೋನ್ ಮಾಡಿ ಹೇಳಿಬಿಟ್ಟೆ. ಈಗ ತಾನೇ ಒಂದು ಚಂದ್ರಿಕೆ ಕೆಳಗಿಳಿಸಿದೆ, ಪಟ್ಟಿಯ ಸಂದಿಯಲ್ಲಿ ಕೊನೇ ಬೆಳೆಯ ರೇಷ್ಮೆ ಎಳೆ ಇನ್ನೂ ಅಂಟಿಕೊಂಡಿದೆ. ಅಕ್ಕಾ, ಎಳೆ ಹೋಗದ ಹಾಗೆ ಧೂಳು ಮಾತ್ರ ತೆಗೆಯುವುದು ಹೇಗೆ?