ಬಸ್ಟರ್ ಕೀಟನ್‌ನ ‘ದಿ ಜನರಲ್’: ಗಟ್ಟಿ ಎಲ್ಲಿ, ಟೊಳ್ಳು ಎಲ್ಲಿ?

ಪರದೆ_ಪ್ರಿಯ:
ನಮ್ಮ ಫಿಲ್ಮ್ ಸೊಸೈಟಿಯಲ್ಲಿ ‘ದಿ ಜನರಲ್’ (1926) ಎಂಬ ಮೂಕಿ ಚಿತ್ರ ಹಾಕುವ ಯೋಚನೆ ಇದೆ. ನೋಡಲು ಬರುವವರು ಹೆಚ್ಚಾಗಿ ಡಿಗ್ರಿ ವಿದ್ಯಾರ್ಥಿಗಳು. ಚಾಪ್ಲಿನ್ ಅವರಿಗೆ ಗೊತ್ತು, ಕೀಟನ್ ಹೊಸಬ. ನನಗಿರುವ ಅನುಮಾನ ಮೂರು. ಮೊದಲ ಕಾಲು ಗಂಟೆ ನಗು ಕಡಿಮೆ, ಅಷ್ಟರಲ್ಲಿ ಹುಡುಗರು ಕೈಬಿಟ್ಟರೆ? ನಾಯಕ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಪಕ್ಷದವನು, ಅಂದರೆ ಗುಲಾಮಗಿರಿ ಉಳಿಸಲು ಹೊರಟವರ ಕಡೆ. ಇದನ್ನು ಹೇಗೆ ಎತ್ತುವುದು? ಇನ್ನೊಂದು, ನೆಟ್‌ನಲ್ಲಿ ಸಿಗುವ ಪ್ರತಿಗಳು ಒಂದೊಂದು ಒಂದೊಂದು ಉದ್ದ ಇವೆಯಲ್ಲ, ಯಾಕೆ?

ಹಳಿ_ಹಲಗೆ:
ಮೊದಲ ಕಾಲು ಗಂಟೆ ನಿಧಾನ ಅನ್ನುವುದು ನಿಜ, ಆದರೆ ಕತ್ತರಿಸಬೇಡಿ. ಸೈನ್ಯಕ್ಕೆ ಸೇರಲು ಹೋದ ನಾಯಕ ಜಾನಿಯನ್ನು (ಕೀಟನ್‌ನ ಪಾತ್ರ) ರೈಲು ಡ್ರೈವರ್ ಆಗಿಯೇ ಹೆಚ್ಚು ಉಪಯೋಗ ಎಂದು ವಾಪಸ್ ಕಳಿಸುತ್ತಾರೆ. ಕಾರಣ ಮಾತ್ರ ಅವನಿಗೆ ಹೇಳುವುದಿಲ್ಲ. ಹುಡುಗಿ ಅವನನ್ನು ಹೇಡಿ ಅಂದುಕೊಳ್ಳುತ್ತಾಳೆ. ಆಮೇಲೆ ಉತ್ತರದವರು ಅವನ ಇಂಜಿನ್ ಕದ್ದೊಯ್ದಾಗ ಅವನು ಬೆನ್ನಟ್ಟುವ ಓಟಕ್ಕೆಲ್ಲ ಇದೇ ಇಂಧನ. ಆ ಭಾಗದ ಕೊನೆಯಲ್ಲಿ, ಬೇಸರದಿಂದ ಇಂಜಿನ್ನಿನ ಚಕ್ರಗಳನ್ನು ಜೋಡಿಸುವ ಕಬ್ಬಿಣದ ತೋಳಿನ ಮೇಲೆ ಕೂತ ಜಾನಿ, ಇಂಜಿನ್ ಹೊರಟದ್ದು ಗೊತ್ತಾಗದೆ ಮೇಲೆ ಕೆಳಗೆ ಆಡುತ್ತಾ ಶೆಡ್ಡಿನೊಳಗೆ ಹೋಗುತ್ತಾನಲ್ಲ, ಅಲ್ಲಿ ಸಭೆ ನಿಮ್ಮದಾಗುತ್ತದೆ. ಹಬೆ ಒಂದಿಷ್ಟು ಹೆಚ್ಚಾಗಿ ಚಕ್ರ ಜಾರಿ ಗಿರ್ರನೆ ತಿರುಗಿದ್ದರೆ ಕೀಟನ್ ಉಳಿಯುತ್ತಿರಲಿಲ್ಲ. ಟ್ರಿಕ್ ಶಾಟ್ ಅಲ್ಲ ಅದು.

ಚಿತ್ರದ ದೊಡ್ಡ ಶಕ್ತಿ ನಗುವಿನ ಲೆಕ್ಕಾಚಾರ. ಫಿರಂಗಿಯ ಪ್ರಸಂಗ ನೋಡಿ. ಮೊದಲ ಸಲ ಜಾನಿ ಚಿಟಿಕೆ ಮದ್ದು ಹಾಕುತ್ತಾನೆ, ಗುಂಡು ಪುಸಕ್ಕನೆ ಹಾರಿ ಅವನ ಇಂಜಿನ್ನಿನೊಳಗೇ ಬೀಳುತ್ತದೆ. ಎರಡನೇ ಸಲ ಡಬ್ಬಿಯನ್ನೇ ಸುರಿಯುತ್ತಾನೆ. ಬತ್ತಿ ಹಚ್ಚಿ ಹಿಂತಿರುಗುವಾಗ ಫಿರಂಗಿ ಗಾಡಿಯ ಕೊಂಡಿ ಕಳಚಿ ಹಳಿಯ ಹಲಗೆಗಳ ಮೇಲೆ ಬಡಿಯುತ್ತದೆ, ಆ ಕುಲುಕಾಟಕ್ಕೆ ನಳಿಕೆ ಮೆಲ್ಲಗೆ ತಗ್ಗಿ ಅವನ ಕಡೆಗೇ ಗುರಿಯಿಡುತ್ತದೆ. ಜಾನಿ ಇಂಜಿನ್ನಿನ ಮೂತಿಯವರೆಗೂ ಓಡುತ್ತಾನೆ. ಅಷ್ಟರಲ್ಲಿ ಹಳಿ ತಿರುವು ತೆಗೆದುಕೊಂಡು, ಗುಂಡು ಅವನನ್ನು ಬಿಟ್ಟು ಮುಂದಿರುವ ಕಳ್ಳರ ರೈಲಿನ ಪಕ್ಕ ಸಿಡಿಯುತ್ತದೆ. ಮದ್ದಿನ ಅಳತೆ, ಕೊಂಡಿ, ಕುಲುಕಾಟ, ತಿರುವು: ಇವುಗಳಲ್ಲಿ ಒಂದನ್ನು ತೆಗೆದರೂ ನಗು ಸತ್ತುಹೋಗುತ್ತದೆ. ಅದೂ ದೂರದ ಶಾಟ್‌ಗಳಲ್ಲಿ, ಎಲ್ಲವೂ ಒಟ್ಟಿಗೆ ಕಾಣುವ ಹಾಗೆ.

ನರಸಿಂಹರಾಜು ಅವರ ಮುಖ, ಮಾತು ನೋಡಿ ನಕ್ಕು ಬೆಳೆದ ಕಣ್ಣಿಗೆ ಕೀಟನ್‌ನ ಅಲುಗದ ಮುಖ ಮೊದಲಿಗೆ ಸಪ್ಪೆ ಎನಿಸಬಹುದು. ಮುಖ ಬಿಟ್ಟು ಮೈ ನೋಡಿ ಎಂದು ಹುಡುಗರಿಗೆ ಮೊದಲೇ ಹೇಳಿಬಿಡಿ.

ಮಸಿಕುಡಿಕೆ:
ಮೇಲಿನದೆಲ್ಲ ಒಪ್ಪಿದೆ, ಆದರೆ ದೋಷಗಳನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಕಥೆಯ ಮೂಲ 1862ರ ಏಪ್ರಿಲ್ 12ರ ನಿಜ ಘಟನೆ. ಜೇಮ್ಸ್ ಆಂಡ್ರೂಸ್ ಎಂಬವನ ನೇತೃತ್ವದಲ್ಲಿ ಉತ್ತರದವರು ಜಾರ್ಜಿಯಾದ ಬಿಗ್ ಶ್ಯಾಂಟಿಯಲ್ಲಿ ‘ಜನರಲ್’ ಎಂಬ ಇಂಜಿನ್ ಕದ್ದು ಓಡಿದರು. ಸಿಕ್ಕಿಬಿದ್ದವರಲ್ಲಿ ಆಂಡ್ರೂಸ್ ಸೇರಿ 8 ಮಂದಿಯನ್ನು ದಕ್ಷಿಣದವರು ಗಲ್ಲಿಗೇರಿಸಿದರು. ಚಿತ್ರಕ್ಕೆ ಆಧಾರವಾದದ್ದು ಆ ದಾಳಿಯಲ್ಲಿದ್ದ ಉತ್ತರದ ಸೈನಿಕ ವಿಲಿಯಂ ಪಿಟೆಂಜರ್ ಬರೆದ ಪುಸ್ತಕ. ಕೀಟನ್ ಅದನ್ನು ತಿರುಗಿಸಿ ಅಟ್ಟಿಸಿಕೊಂಡು ಹೋದವನನ್ನೇ ನಾಯಕ ಮಾಡಿದ. ದಕ್ಷಿಣದವರನ್ನು ಖಳರನ್ನಾಗಿ ಮಾಡಿದರೆ ಜನ ಒಪ್ಪುವುದಿಲ್ಲ ಎಂಬುದು ಅವನ ಲೆಕ್ಕ. ಓಡುವವನಿಗಿಂತ ಒಂಟಿಯಾಗಿ ಬೆನ್ನಟ್ಟುವವನ ಮೇಲೆ ಕಾಮಿಡಿ ಚೆನ್ನಾಗಿ ನಿಲ್ಲುತ್ತದೆ, ಸರಿ. ಆದರೆ ಯುದ್ಧ ಯಾತಕ್ಕೆ ನಡೆಯಿತು ಎಂಬುದರ ಸುಳಿವೇ ಚಿತ್ರದಲ್ಲಿಲ್ಲ. ಗುಲಾಮಗಿರಿಯ ಮಾತೇ ಬರುವುದಿಲ್ಲ. ಇದು ಸಣ್ಣ ಲೋಪ ಅಲ್ಲ. ನಾಯಕನ ಮೇಲಿನ ಪ್ರೀತಿ ಅವನ ಪಕ್ಷಕ್ಕೂ ಹರಿದುಬಿಡುತ್ತದೆ.

ಎರಡನೆಯದು ಕೊನೆಯ ಕದನ. ಜಾನಿ ಅಪ್ಪಣೆ ಕೊಟ್ಟಂತೆಲ್ಲ ಫಿರಂಗಿಯ ಪಕ್ಕದ ಸೈನಿಕರು ಒಬ್ಬೊಬ್ಬರಾಗಿ ಗುಂಡೇಟಿಗೆ ಸಾಯುತ್ತಾರೆ, ಅವನು ಕಕ್ಕಾಬಿಕ್ಕಿಯಾಗಿ ನೋಡುತ್ತಾನೆ. ಆಮೇಲೆ ಕತ್ತಿಯ ಅಲಗು ಹಿಡಿಯಿಂದ ಕಳಚಿ ಹಾರಿ ಹೊಂಚುಗಾರನ ಬೆನ್ನಿಗೆ ನೆಡುತ್ತದೆ. ಸಾವನ್ನು ನಗೆಗೆ ಬಳಸಿದ್ದನ್ನು 1927ರಲ್ಲೇ ಅಮೆರಿಕದ ವಿಮರ್ಶಕರು ಆಕ್ಷೇಪಿಸಿದ್ದರು. ನನಗೂ ಅಲ್ಲಿ ನಗು ಬರುವುದಿಲ್ಲ. ಇಂಜಿನ್ನಿನ ಜೊತೆಗಿನ ನಗೆಯಲ್ಲಿ ಸೋಲುವವನು ಜಾನಿಯೇ. ಇಲ್ಲಿ ಬೇರೆಯವರ ಹೆಣ ಬೀಳುತ್ತದೆ.

ಜಾನಿಯ ಹುಡುಗಿ ಅನಬೆಲ್ ಪಾತ್ರವೂ ತೆಳು. ಉತ್ತರದವರು ಬೆನ್ನಟ್ಟಿ ಬರುತ್ತಿರುವಾಗ ಇಂಜಿನ್ ಗುಡಿಸುತ್ತಾಳೆ, ತೂತಿರುವ ಸೌದೆಯನ್ನು ಎಸೆದು ಕಡ್ಡಿಯಂಥ ಚೂರನ್ನು ಒಲೆಗೆ ಹಾಕುತ್ತಾಳೆ. ಜಾನಿ ಅವಳ ಕುತ್ತಿಗೆ ಹಿಸುಕುವಂತೆ ಹಿಡಿದು ತಕ್ಷಣ ಮುತ್ತಿಡುತ್ತಾನೆ. ಆ ಪಾತ್ರವನ್ನು ಮರಿಯನ್ ಮ್ಯಾಕ್ ಚೆನ್ನಾಗಿಯೇ ಮಾಡಿದ್ದಾರೆ. ಬರವಣಿಗೆಯಲ್ಲೇ ಹೆಣ್ಣಿಗೆ ಪೆದ್ದುತನ ಬಿಟ್ಟರೆ ಹೆಚ್ಚಿನದೇನೂ ಸಿಕ್ಕಿಲ್ಲ.

ಹಳಿ_ಹಲಗೆ:
@ಮಸಿಕುಡಿಕೆ, ಕದನದ ಬಗ್ಗೆ ನಿಮ್ಮ ಮಾತು ಸರಿ. ಸೇತುವೆ ಕುಸಿಯುವ ಶಾಟ್ ಆದಮೇಲೆ ಚಿತ್ರ ಏರಲು ಜಾಗವೇ ಇಲ್ಲ, ಅದೂ ಒಂದು ಕಾರಣ. ನಿಜವಾದ ಇಂಜಿನ್ನನ್ನೇ ಉರಿಯುವ ಸೇತುವೆಯ ಮೇಲೆ ಓಡಿಸಿ ಆರೆಗನ್‌ನ ಹೊಳೆಗೆ ಬೀಳಿಸಿದ್ದಾರೆ. ಆ ಒಂದು ಶಾಟ್‌ಗೆ 42,000 ಡಾಲರ್ ಆಯಿತು ಎಂಬ ಲೆಕ್ಕ ಎಲ್ಲರೂ ಕೊಡುತ್ತಾರೆ.

ರೀಲು_ಪೆಟ್ಟಿಗೆ:
ಪ್ರತಿಯ ವಿಷಯ. ಉದ್ದ ಬೇರೆಯಾಗುವುದು ಮುಖ್ಯವಾಗಿ ವೇಗದಿಂದ. ಸೆಕೆಂಡಿಗೆ 24 ಫ್ರೇಮ್ ಆಸುಪಾಸಿನಲ್ಲಿ ಓಡಿಸಿದರೆ 75ರಿಂದ 80 ನಿಮಿಷ. ಒಂದೂಮುಕ್ಕಾಲು ಗಂಟೆಯ ಪ್ರತಿ ಸಿಕ್ಕಿದರೆ ಅದರಲ್ಲಿ ಹೆಚ್ಚಿನ ದೃಶ್ಯಗಳಿಲ್ಲ, ನಿಧಾನ ಮಾಡಿದ್ದಾರೆ ಅಷ್ಟೇ. ಅದನ್ನು ಮುಟ್ಟಲೇಬೇಡಿ, ಮೇಲೆ ಹೇಳಿದ ಲೆಕ್ಕಾಚಾರವೆಲ್ಲ ಕುಲಗೆಡುತ್ತದೆ.

ಅಮೆರಿಕದಲ್ಲಿ ಹಕ್ಕು ನವೀಕರಿಸದೆ ಚಿತ್ರ 1950ರ ದಶಕದಲ್ಲೇ ಸಾರ್ವಜನಿಕ ಸ್ವತ್ತಾಯಿತು. ಹಾಗಾಗಿ ಪ್ರತಿಯ ಪ್ರತಿಯ ಪ್ರತಿ ಎಲ್ಲೆಲ್ಲೂ ಇದೆ. ಆರಿಸಲು ಸುಲಭ ಪರೀಕ್ಷೆ: ಜಾನಿ ಟೆಂಡರಿನ (ಇಂಜಿನ್ನಿನ ಹಿಂದಿನ ಸೌದೆ ಗಾಡಿ) ಮೇಲೆ ಸೌದೆ ಕಡಿಯುತ್ತಿರುವಾಗ ಹಿಂದೆ ಎರಡು ಸೈನ್ಯ ದಾಟಿಹೋಗುವ ದೃಶ್ಯ ಹಾಕಿ ನೋಡಿ. ಮೊದಲು ಹಿಮ್ಮೆಟ್ಟುವ ದಕ್ಷಿಣದವರು, ಆಮೇಲೆ ಮುನ್ನುಗ್ಗುವ ಉತ್ತರದವರು. ಹಿನ್ನೆಲೆಯ ಸೈನಿಕರು ಬಿಳಿ ಮಬ್ಬಾಗಿದ್ದರೆ ಆ ಪ್ರತಿ ಬೇಡ, ಏಕೆಂದರೆ ಜೋಕು ಇರುವುದೇ ಹಿನ್ನೆಲೆಯಲ್ಲಿ.

ಹೊಸ ಪುನರುಜ್ಜೀವಿತ ಪ್ರತಿಗೂ ಅದಕ್ಕೆ ಕೂಡಿಸಿದ ಸಂಗೀತಕ್ಕೂ ಬೇರೆ ಹಕ್ಕು ಇರಬಹುದು, ಸಾರ್ವಜನಿಕ ಪ್ರದರ್ಶನಕ್ಕೆ ಮೊದಲು ವಿಚಾರಿಸಿ. ಸಂಗೀತದಲ್ಲಿ ಕಾರ್ಲ್ ಡೇವಿಸ್ ಮತ್ತು ಜೋ ಹಿಸೈಶಿ ಮಾಡಿದವು ಇವೆ. ವಿದ್ಯಾರ್ಥಿಗಳಿಗೆ ಡೇವಿಸ್ ಅವರದೇ ವಾಸಿ, ಓಟದ ಲಯವನ್ನು ಬಿಗಿಯಾಗಿ ಹಿಡಿಯುತ್ತದೆ.

ಚರ್ಚೆ ಚಿತ್ರ ಮುಗಿದ ಮೇಲೆ ಇಡಿ. ಮೊದಲು 3 ನಿಮಿಷ ಯಾರು ಯಾರ ವಿರುದ್ಧ, ಯಾವ ಕಾರಣಕ್ಕೆ ಎಂದಷ್ಟೇ ಹೇಳಿದರೆ ಸಾಕು. ಕನ್ನಡ ಸಬ್‌ಟೈಟಲ್ ಮಾಡುವುದಾದರೆ ನೀವು ತೋರಿಸಲಿರುವ ಫೈಲಿಗೇ ಸಮಯ ಕೂಡಿಸಿ. ಬೇರೆ ವೇಗದ ಪ್ರತಿಗೆ ಮಾಡಿದ್ದನ್ನು ಹಾಕಿದರೆ ಅರ್ಧ ಗಂಟೆಗೆಲ್ಲ ನಿಮಿಷಗಟ್ಟಲೆ ತಪ್ಪುತ್ತದೆ. ಮಾತಿನ ಬದಲು ಬರುವ ಬರಹದ ಕಾರ್ಡು ಪರದೆಯಲ್ಲಿ ಇರುವಷ್ಟು ಹೊತ್ತು ಮಾತ್ರ ಕನ್ನಡ ಬರಲಿ.