ಹರ್ಕ್ಯುಲಿಸ್ ಒಳಗೆ ಕ್ವೆಮು, ಅದರೊಳಗೆ ಫ್ರೀಡಾಸ್: ಹೆಸರುಗಳ ಜಾಗದಲ್ಲಿ ಗೀಟುಗಳು ಬರುತ್ತಿವೆ

ಕೊಬ್ಬರಿಮಂಡಿ (ತಿಪಟೂರು)

ನಮ್ಮ ತಂದೆ ನಡೆಸುತ್ತಿದ್ದ ಕೊಬ್ಬರಿ ಮಂಡಿಯ 1990ರ ದಶಕದ ಲೆಕ್ಕ ಡಿಬೇಸ್ ಎಂಬ ಹಳೆಯ ದತ್ತಾಂಶ ತಂತ್ರಾಂಶದ ಕಡತಗಳಲ್ಲಿ ಉಳಿದಿದೆ. ಅದನ್ನು ಓದುವುದಕ್ಕೆ ಯಾವ ಹಳೆಯ ಕಂಪ್ಯೂಟರ್ ಆದರೂ ಸಾಕು, ಒಪ್ಪುತ್ತೇನೆ. ಆದರೆ ಆ ಕಾಲದ ಪಿಸಿಗಳ ಕಾರ್ಯವ್ಯವಸ್ಥೆಯಾದ ಡಾಸ್ ಅನ್ನು ಐಬಿಎಂನ ದೈತ್ಯ ಕಂಪ್ಯೂಟರಾದ ಮೇನ್‌ಫ್ರೇಮ್ ಮೇಲೆ ಓಡಿಸಿ ನೋಡಬೇಕೆಂಬ ಹುಚ್ಚು ಹತ್ತಿದೆ. ಮನೆಗೆ ಮೇನ್‌ಫ್ರೇಮ್ ಎಲ್ಲಿಂದ ಬರಬೇಕು? ಲ್ಯಾಪ್‌ಟಾಪಿನಲ್ಲಿ ಮೇನ್‌ಫ್ರೇಮನ್ನು ಅನುಕರಿಸುವ ಹರ್ಕ್ಯುಲಿಸ್, ಅದರೊಳಗೆ ಎಸ್390ಎಕ್ಸ್ (ಮೇನ್‌ಫ್ರೇಮ್ ಪ್ರೊಸೆಸರಿನ) ಡೆಬಿಯನ್ ಲಿನಕ್ಸ್, ಅದರೊಳಗೆ ಇಂಟೆಲ್ ಪಿಸಿಯನ್ನು ಅನುಕರಿಸುವ ಕ್ವೆಮು, ಅದರೊಳಗೆ ಡಾಸ್‌ನ ಮುಕ್ತ ರೂಪವಾದ ಫ್ರೀಡಾಸ್.

ವೇಗ ಹೆಚ್ಚಿಸುವ ಕೆವಿಎಂ ಆಯ್ಕೆ ಕೊಟ್ಟರೆ ಕ್ವೆಮು ಶುರುವಾಗುವುದೇ ಇಲ್ಲ. ಅದನ್ನು ತೆಗೆದರೆ ಹರ್ಕ್ಯುಲಿಸ್ ಕನ್ಸೋಲಿನಲ್ಲಿ ಪರದೆ ಕಲಸುಮೇಲೋಗರ. ಎಸ್‌ಎಸ್‌ಎಚ್ (ಜಾಲದ ಮೂಲಕ ಲಾಗಿನ್) ಮೂಲಕ ಹೋಗಿ, ಅಕ್ಷರಗಳಿಂದಲೇ ಪರದೆ ಬಿಡಿಸುವ ಕರ್ಸಸ್ ಪರದೆ ಕೊಟ್ಟ ಮೇಲೆ ಅದು ಸರಿಹೋಯಿತು. ಈಗ ಮಂಡಿಯ ಪ್ರೋಗ್ರಾಂ ತೆರೆದುಕೊಳ್ಳುತ್ತದೆ. ಮೊತ್ತಗಳೆಲ್ಲ ಸರಿ, ಊರುಗಳ ಮತ್ತು ರೈತರ ಹೆಸರುಗಳ ಜಾಗದಲ್ಲಿ ಮಾತ್ರ ಗೀಟು, ಮೂಲೆಗಳ ಸಾಲು.

ಪರೀಕ್ಷೆಗೆಂದು ಅದೇ ಕಡತವನ್ನು ಡೆಬಿಯನ್‌ನಲ್ಲಿ ನಾನೇ ಬರೆದ ಸಿ ಪ್ರೋಗ್ರಾಮಿನಿಂದ ಓದಿದೆ. ಡಾಸ್‌ನಲ್ಲಿ 1200 ಎಂದು ಕಾಣುವ ದಾಖಲೆಗಳ ಸಂಖ್ಯೆ ಇಲ್ಲಿ 2953052160! ಒಂದೊಂದು ತೆಂಗಿನಕಾಯಿಗೂ ಒಂದೊಂದು ರಸೀದಿ ಬರೆದಿದ್ದರೂ ನಮ್ಮ ಮಂಡಿಯಲ್ಲಿ ಅಷ್ಟಾಗುತ್ತಿರಲಿಲ್ಲ. ಮೇನ್‌ಫ್ರೇಮ್ ಬಿಗ್ ಎಂಡಿಯನ್ (ಸಂಖ್ಯೆಯ ಹಿರಿಯ ಬೈಟನ್ನು ಮೊದಲು ಇಡುವ ಯಂತ್ರ) ಆದ್ದರಿಂದ ಕ್ವೆಮು ಎಲ್ಲೋ ಬೈಟುಗಳನ್ನು ತಿರುವಿ ಹಾಕುತ್ತಿದೆ ಎಂದು ನನ್ನ ಗುಮಾನಿ.

ಮಧುಗಿರಿಬೆಟ್ಟ

ಕೆವಿಎಂ ವಿಷಯ ಬಿಟ್ಟುಬಿಡಿ. ಅದು ತನ್ನದೇ ಜಾತಿಯ ಪ್ರೊಸೆಸರಿಗೆ ಬರೆದ ವ್ಯವಸ್ಥೆಯನ್ನು ಮಾತ್ರ ಓಡಿಸುತ್ತದೆ. ಎಸ್390ಎಕ್ಸ್ ಮೇಲೆ ಇಂಟೆಲ್ ಸೂಚನೆಗಳಿಗೆ ಟಿಸಿಜಿ ಎಂಬ ಅನುವಾದಕವೇ ಗತಿ. ಪರದೆ ಕೆಟ್ಟದ್ದೂ ಸಹಜ. ಹರ್ಕ್ಯುಲಿಸ್ ಕೊಡುವ 3215 ಕನ್ಸೋಲ್ ಎಂದರೆ ಸಾಲು ಸಾಲಾಗಿ ಬಡಿಯುವ ಟೈಪ್‌ರೈಟರ್, ಕರ್ಸರ್ ಓಡಾಡಿಸುವುದು ಅದಕ್ಕೆ ಗೊತ್ತಿಲ್ಲ.

ಫ್ಯಾನ್ ಕಿರುಚುತ್ತಿದ್ದರೆ ಫ್ರೀಡಾಸ್‌ನ ಎಫ್‌ಡಿಕಾನ್ಫಿಗ್ ಕಡತದಲ್ಲಿ ‘ಐಡಲ್‌ಹಾಲ್ಟ್=1’ ಸೇರಿಸಿ. ಡಾಸ್ ಸುಮ್ಮನೆ ಕುಳಿತಾಗಲೂ ಗಾಣದ ಎತ್ತಿನಂತೆ ಸುತ್ತುತ್ತಿರುತ್ತದೆ. ಕ್ವೆಮು ಅನುವಾದಿಸಿದ ಪ್ರತಿಯೊಂದು ಸೂಚನೆಯನ್ನೂ ಹರ್ಕ್ಯುಲಿಸ್ ಮತ್ತೆ ಒಂದೊಂದಾಗಿ ಅರ್ಥೈಸಬೇಕು, ಆ ಸುತ್ತಾಟದ ಬೆಲೆ ನಿಮ್ಮ ಲ್ಯಾಪ್‌ಟಾಪಿಗೆ. ನಿಧಾನದಿಂದ ಒಂದು ಲಾಭವೂ ಇದೆ: ವೇಗದ ಯಂತ್ರಗಳಲ್ಲಿ ‘ರನ್‌ಟೈಮ್ ಎರರ್ 200’ ಎಂದು ಸಾಯುವ ಟರ್ಬೊ ಪ್ಯಾಸ್ಕಲ್ ಪ್ರೋಗ್ರಾಮುಗಳಿಗೆ ಇಲ್ಲಿ ಆ ಭಯವಿಲ್ಲ.

ಅಂದಹಾಗೆ ಐಬಿಎಂ ಸ್ವತಃ ಈ ಹುಚ್ಚಿಗೆ ಕೈ ಹಾಕಲಿಲ್ಲ. 2010ರ ಝಡ್196 ಮೇನ್‌ಫ್ರೇಮಿನ ಪಕ್ಕದಲ್ಲಿ ಬ್ಲೇಡುಗಳ (ತೆಳುವಾದ ಸರ್ವರುಗಳ) ಪೆಟ್ಟಿಗೆಯನ್ನಿಟ್ಟು, ಮುಂದಿನ ವರ್ಷ ಅದರ ಇಂಟೆಲ್ ಬ್ಲೇಡುಗಳಲ್ಲಿ ವಿಂಡೋಸ್‌ಗೆ ಅವಕಾಶ ಕೊಟ್ಟಿತು.

ಹಳೆಯಂತ್ರ (ತುಮಕೂರು)

ಎರಡು ದೋಷಗಳನ್ನು ಒಂದೇ ಗಂಟಿಗೆ ಕಟ್ಟಬೇಡಿ. ಕಡತದ ಮೊದಲ 8 ಬೈಟುಗಳನ್ನೂ, ನಿಮಗೆ ಖಚಿತವಾಗಿ ಗೊತ್ತಿರುವ ಒಂದು ಊರಿನ ಹೆಸರಿನ ಬೈಟುಗಳನ್ನೂ ಹೆಕ್ಸಾಡೆಸಿಮಲ್‌ನಲ್ಲಿ ಹಾಕಿ.

ಕೊಬ್ಬರಿಮಂಡಿ

ಮೊದಲ ಬೈಟು 03, ಬಳಿಕ ತಾರೀಖಿನ 3 ಬೈಟು, ಆಮೇಲೆ ಬಿ0 04 00 00. ಊರು ಗುಬ್ಬಿ ತಾಲ್ಲೂಕಿನ ಕಡಬ ಎಂದು ತಂದೆ ಹೇಳುತ್ತಾರೆ: ಬಿ3 ಬಿಎಫ್ ಸಿಎ. ಪರದೆಯ ಮೇಲೆ │┐╩ ಎಂದು ಕಾಣುತ್ತದೆ.

ಹಳೆಯಂತ್ರ

ಸಿಕ್ಕಿತು. ಕ್ವೆಮು ನಿರಪರಾಧಿ.

ದಾಖಲೆಗಳ ಸಂಖ್ಯೆಯನ್ನು ಡಿಬೇಸ್ ಕಿರಿಯ ಬೈಟಿನಿಂದ ಮೊದಲುಗೊಂಡು ಬರೆಯುತ್ತದೆ. ಬಿ0 04 00 00 ಎಂದರೆ 1200. ಡಾಸ್ ಇದನ್ನು ಓದುವಾಗ ಕ್ವೆಮು ಎಲ್‌ಆರ್‌ವಿಯಂಥ ಸೂಚನೆ ಬಳಸಿ ಬೈಟುಗಳನ್ನು ಹಿಂದುಮುಂದಾಗಿಯೇ ಎತ್ತಿಕೊಳ್ಳುತ್ತದೆ. ಝಡ್ ಯಂತ್ರದಲ್ಲಿ ಅದಕ್ಕೆಂದೇ ಸೂಚನೆ ಇದೆ. ನಿಮ್ಮ ಸಿ ಪ್ರೋಗ್ರಾಂ ಎಮ್ಯುಲೇಟರಿನ ಹೊರಗೆ, ನೇರವಾಗಿ ಎಸ್390ಎಕ್ಸ್ ಮೇಲೆ ನಿಂತಿದೆ. ಅಲ್ಲಿ ಕಾಯುವವರು ಯಾರೂ ಇಲ್ಲ. ನಾಲ್ಕು ಬೈಟುಗಳನ್ನು ಪೂರ್ಣಾಂಕವೆಂದು ಹಾಗೆಯೇ ಓದಿದ್ದೀರಿ, ಹಿರಿಯ ಬೈಟು ಬಿ0 ಆಗಿಬಿಟ್ಟಿತು. ‘ಎಲ್‌ಇ32ಟಿಒಎಚ್’ ಎಂಬ, ಬೈಟುಗಳನ್ನು ಯಂತ್ರದ ಕ್ರಮಕ್ಕೆ ತಿರುಗಿಸುವ ಸಿ ಸೌಲಭ್ಯದ ಮೂಲಕ ಹಾಯಿಸಿ.

ಹೆಸರುಗಳಿಗೂ ಎಂಡಿಯನ್‌ಗೂ ಸಂಬಂಧವಿಲ್ಲ. ಒಂದೊಂದೇ ಬೈಟಿನ ಅಕ್ಷರಕ್ಕೆ ಹಿಂದು ಯಾವುದು, ಮುಂದು ಯಾವುದು? ಅದು ಇಸ್ಕಿ, ಭಾರತೀಯ ಲಿಪಿಗಳ ಅಕ್ಷರಸಂಕೇತ, 1991ರ ಭಾರತೀಯ ಮಾನಕ ಐಎಸ್ 13194. ಅದರಲ್ಲಿ ಕ ಎಂದರೆ ಬಿ3, ಡ ಎಂದರೆ ಬಿಎಫ್, ಬ ಎಂದರೆ ಸಿಎ. ಇಸ್ಕಿಯ ವ್ಯಂಜನಗಳು ಬಿ3ರಿಂದ ಡಿ8ರವರೆಗೆ ಇವೆ. ಡಾಸ್‌ನ ಕೋಡ್ ಪುಟ (ಅಕ್ಷರಪಟ್ಟಿ) 437ರಲ್ಲಿ ಚೌಕಟ್ಟು ಬರೆಯುವ ಗೀಟುಗಳು ಕುಳಿತಿರುವುದೂ ಅದೇ ಜಾಗದಲ್ಲಿ. ಮಂಡಿಯ ಹಳೆಯ ಯಂತ್ರದಲ್ಲಿ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ (ಪರದೆಯ ಮೇಲೆ ಭಾರತೀಯ ಲಿಪಿ ತೋರಿಸುವ ಕಾರ್ಡ್) ಇದ್ದಿರಬೇಕು, ತಂದೆಯವರನ್ನು ಕೇಳಿ. ಆ ಕಾರ್ಡನ್ನು ಕ್ವೆಮು ಅನುಕರಿಸುವುದಿಲ್ಲ, ಆದ್ದರಿಂದ ಡಾಸ್ ಪರದೆಯ ಮೇಲೆ ಕನ್ನಡ ಕಾಣುವ ಆಸೆ ಬಿಡಿ.

ಡೆಬಿಯನ್‌ನಲ್ಲಿ ‘ಐಸಿಯು-ಡೆವ್‌ಟೂಲ್ಸ್’ ಹಾಕಿಕೊಂಡು, ಹೆಸರಿನ ಕಾಲಂ ಅನ್ನು ಮಾತ್ರ ಪ್ರತ್ಯೇಕಿಸಿ, ಸಂಕೇತ ಬದಲಿಸುವ ‘ಯುಕಾನ್ವ್’ಗೆ ಮೂಲ ಸಂಕೇತ ‘ಎಕ್ಸ್-ಇಸ್ಕಿ-ಕೆಎ’, ಗುರಿ ‘ಯುಟಿಎಫ್-8’ ಎಂದು ಕೊಡಿ. ಇಡೀ ಕಡತವನ್ನು ಅದಕ್ಕೆ ತುರುಕಬೇಡಿ, ತಲೆಭಾಗದ ಬೈನರಿ ಬೈಟುಗಳೂ ಕನ್ನಡವಾಗಲು ಹೊರಡುತ್ತವೆ.

ಕೊಬ್ಬರಿಮಂಡಿ

ಕಡಬ ಬಂತು! 1200 ದಾಖಲೆಗಳೂ ಬಂದವು. ಕಂಪ್ಯೂಟರಿನ ಒಳಗೆ ‘ಕನ್ನಡದ ಕಾರ್ಡ್’ ಒಂದನ್ನು ಹಾಕಿಸಿದ್ದು ತಂದೆಗೆ ನೆನಪಿದೆ, ಹೆಸರು ನೆನಪಿಲ್ಲ. ಇನ್ನೊಂದೇ ತಕರಾರು: ಚಿಕ್ಕನಾಯಕನಹಳ್ಳಿ ಎಲ್ಲ ಕಡೆಯೂ ‘ಚಿಕ್ಕನಾಯಕನಹಳ’ ಎಂದೇ ನಿಂತಿದೆ.

ಹಳೆಯಂತ್ರ

ಕಾಲಂ ಅಗಲ 12 ಬೈಟು ಇರಬೇಕು. ಇಸ್ಕಿಯಲ್ಲಿ ಆ ಹೆಸರಿಗೆ 15 ಬೇಕು. ಉಳಿದ ಮೂರನ್ನು ಡಿಬೇಸ್ ಅಂದೇ ಕತ್ತರಿಸಿದೆ, ಕೈಯಿಂದ ತಿದ್ದಿಕೊಳ್ಳಿ.