ರೈಲು ಮಾರ್ಗ ತಪ್ಪಿದ್ದರಿಂದಲೇ ನಿಕೋಡೆಮಸ್ ಊರು ಕುಗ್ಗಿತೇ?

ಪ್ರಶ್ನೆ: ಬಸವನಗುಡಿಯ ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಓದುಗರ ಬಳಗದ ಮುಂದಿನ ಸಭೆಯಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ನಿಕೋಡೆಮಸ್ ಎಂಬ ಪುಟ್ಟ ಊರಿನ ಬಗ್ಗೆ ಮಾತನಾಡಲು ಒಪ್ಪಿಕೊಂಡಿದ್ದೇನೆ. ಗುಲಾಮಗಿರಿಯಿಂದ ಬಿಡುಗಡೆ ಪಡೆದ ಕಪ್ಪು ಜನರು 1877ರಲ್ಲಿ ತಮ್ಮದೇ ಊರೊಂದನ್ನು ಕಟ್ಟಿಕೊಂಡರು, 1888ರಲ್ಲಿ ರೈಲು ಮಾರ್ಗವು ಊರನ್ನು ಬಿಟ್ಟು ಬೇರೆ ಕಡೆ ಹೋಯಿತು, ಅಲ್ಲಿಂದ ಊರು ಕುಗ್ಗುತ್ತಾ ಬಂತು ಎಂಬಷ್ಟನ್ನು ಓದಿ ತಿಳಿದಿದ್ದೇನೆ. ಆದರೆ ಇಷ್ಟು ಹೇಳಿ ಕುಳಿತರೆ ಆ ಜನರಿಗೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ ಎನಿಸುತ್ತಿದೆ. ತಾವಿದ್ದ ಹಸಿರಾದ ಕೆಂಟಕಿ ರಾಜ್ಯವನ್ನು ಬಿಟ್ಟು, ಮರವೂ ಇಲ್ಲದ, ಮಳೆಯೂ ಕಡಿಮೆ ಇರುವ ಬಯಲಿಗೆ ಅವರು ಏಕೆ ಹೋದರು? ಊರು ಕುಗ್ಗಿದ್ದಕ್ಕೆ ರೈಲು ಒಂದೇ ಕಾರಣವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ಮಲ್ಲೇಶ್ವರದ ನಿವೃತ್ತ ಇತಿಹಾಸ ಅಧ್ಯಾಪಕ

ಒಳ್ಳೆಯ ವಿಷಯವನ್ನು ಆರಿಸಿಕೊಂಡಿದ್ದೀರಿ. ಕೆಂಟಕಿಯಿಂದಲೇ ಆರಂಭಿಸಿ. ಅಂತರ್ಯುದ್ಧದಲ್ಲಿ ಕೆಂಟಕಿಯು ಒಕ್ಕೂಟದ ಪಾಳೆಯದಲ್ಲಿಯೇ ಉಳಿದಿದ್ದರಿಂದ, ಒಕ್ಕೂಟದ ವಿರುದ್ಧ ದಂಗೆ ಎದ್ದ ರಾಜ್ಯಗಳಿಗೆ ಮಾತ್ರ ಇದ್ದ 1863ರ ಲಿಂಕನ್ ಅವರ ವಿಮೋಚನಾ ಘೋಷಣೆ ಅಲ್ಲಿಗೆ ಅನ್ವಯಿಸಲೇ ಇಲ್ಲ. 1865ರ ಡಿಸೆಂಬರ್‌ನಲ್ಲಿ ಸಂವಿಧಾನದ 13ನೇ ತಿದ್ದುಪಡಿ ಜಾರಿಗೆ ಬಂದ ಮೇಲೆಯೇ ಅಲ್ಲಿ ಗುಲಾಮಗಿರಿ ಪೂರ್ಣವಾಗಿ ಕೊನೆಗೊಂಡಿತು. ಬಿಡುಗಡೆಯಾದವರಿಗೆ ಭೂಮಿ ಸಿಗಲಿಲ್ಲ. ಹಳೆಯ ಒಡೆಯರ ಹೊಲಗಳಲ್ಲಿಯೇ ಕೂಲಿಗೋ ಪಾಲಿಗೋ ದುಡಿಯಬೇಕಾಗಿತ್ತು. ರಾತ್ರಿ ಬಂದು ಹೊಡೆದು ಬೆದರಿಸುವ ಗುಂಪುಗಳ ಭಯ ಬೇರೆ. ಇತ್ತ ಕ್ಯಾನ್ಸಸ್ 1861ರಲ್ಲಿ ಗುಲಾಮಗಿರಿಯನ್ನು ನಿಷೇಧಿಸಿಯೇ ಒಕ್ಕೂಟವನ್ನು ಸೇರಿದ ರಾಜ್ಯ. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಸಣ್ಣ ಶುಲ್ಕ ಕಟ್ಟಿ, 5 ವರ್ಷ ಅಲ್ಲಿಯೇ ನೆಲೆಸಿ ಉಳುಮೆ ಮಾಡಿದವರಿಗೆ 160 ಎಕರೆ ಸರ್ಕಾರಿ ಜಮೀನು ಸ್ವಂತವಾಗುತ್ತಿತ್ತು. ತಲೆತಲಾಂತರದಿಂದ ಪರರ ಮಣ್ಣಿನಲ್ಲಿ ಬೆವರು ಸುರಿಸಿದವರಿಗೆ ಈ ಮಾತು ಹೇಗೆ ಕೇಳಿಸಿರಬೇಕು ಎಂಬುದನ್ನು ನಿಮ್ಮ ಸಭಿಕರು ಯೋಚಿಸಲಿ.

ಊರನ್ನು ರೂಪಿಸಿದ ಕಂಪನಿಯ ಹಿಂದೆ ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ ಭೂ ವ್ಯವಹಾರಸ್ಥರೂ ಡಬ್ಲ್ಯು. ಎಚ್. ಸ್ಮಿತ್ ಎಂಬ ಕಪ್ಪು ಪಾದ್ರಿಯೂ ಇದ್ದರು. ಕೆಂಟಕಿಯ ಚರ್ಚುಗಳಲ್ಲಿ ಕರಪತ್ರಗಳನ್ನು ಹಂಚಿ, ಫಲವತ್ತಾದ ನೆಲವಿದೆ, ಬೇಟೆಗೆ ಕೊರತೆಯಿಲ್ಲ ಎಂದು ಆಸೆ ಹುಟ್ಟಿಸಿದರು. 1877ರ ಸೆಪ್ಟೆಂಬರ್‌ನಲ್ಲಿ ಲೆಕ್ಸಿಂಗ್ಟನ್ ಸುತ್ತಮುತ್ತಲಿನ ಸುಮಾರು 300 ಜನರು ರೈಲಿನಲ್ಲಿ ಎಲ್ಲಿಸ್ ಎಂಬ ನಿಲ್ದಾಣದವರೆಗೆ ಬಂದು, ಅಲ್ಲಿಂದ ಎರಡು ದಿನ ನಡೆದು ಊರು ಇರಬೇಕಾದ ಜಾಗವನ್ನು ತಲುಪಿದರು. ಅಲ್ಲಿ ಊರು ಇರಲಿಲ್ಲ. ಮರವಿಲ್ಲದ ನಾಡಾದ್ದರಿಂದ ದಿಣ್ಣೆಯ ಪಕ್ಕವನ್ನು ಗುದ್ದಲಿಯಿಂದ ಅಗೆದು, ಒಂದು ಕೋಣೆಯಷ್ಟು ಗುಂಡಿ ಮಾಡಿ, ನದಿಯ ದಡದಿಂದ ತಂದ ಗಳುಗಳನ್ನು ಅಡ್ಡಲಾಗಿ ಇಟ್ಟು, ಅದರ ಮೇಲೆ ಪೊದೆಸೊಪ್ಪನ್ನೂ ಹುಲ್ಲಿನ ಬೇರು ಹೆಣೆದುಕೊಂಡ ಮಣ್ಣಿನ ಹೆಂಟೆಗಳನ್ನೂ ಹೊದಿಸಿ, ಒಳಗೊಂದು ಒಲೆ ಹೂಡಿ ಮೊದಲ ಚಳಿಗಾಲವನ್ನು ಕಳೆದರು. ಮರುವರ್ಷ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಮಹಿಳೆ, ಊರು ಎಲ್ಲಿ ಎಂದು ಕೇಳಿದಾಗ ಗಂಡ ನೆಲದಿಂದ ಏಳುತ್ತಿದ್ದ ಹೊಗೆಯನ್ನು ತೋರಿಸಿದರೆಂದೂ ತಾನು ಅತ್ತುಬಿಟ್ಟೆನೆಂದೂ ಮುಂದೆ ನೆನಪಿಸಿಕೊಂಡಿದ್ದಾರೆ. ಆಕೆ ಅಲ್ಲಿಯೇ ಉಳಿದರು. ಹಲವು ಕುಟುಂಬಗಳು ಹಿಂದಿರುಗಿದವು. ಹಿಲ್ ಅವರ ಮೇಲೆ ಜನರಿಗೆ ಬಂದ ಸಿಟ್ಟು ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ. ಬೇಟೆ ಮುಗಿಸಿ ಮರಳುತ್ತಿದ್ದ ಓಸೇಜ್ ಬುಡಕಟ್ಟಿನವರು ಆ ಚಳಿಗಾಲದಲ್ಲಿ ಆಹಾರ ಹಂಚಿಕೊಂಡರು ಎಂಬ ಮಾತು ಊರಿನ ಮನೆಗಳಲ್ಲಿ ಇಂದಿಗೂ ಉಳಿದಿದೆ.

ಇನ್ನೊಂದು ಹೆಸರನ್ನು ಮರೆಯಬೇಡಿ. 1878ರಲ್ಲಿ ಅಲ್ಲಿಗೆ ಬಂದ ಎಡ್ವರ್ಡ್ ಮೆಕ್‌ಕೇಬ್ ಅವರು 1882ರಲ್ಲಿ ಕ್ಯಾನ್ಸಸ್ ರಾಜ್ಯದ ಲೆಕ್ಕಪರಿಶೋಧಕರಾಗಿ ಚುನಾಯಿತರಾದರು. ನೆಲದೊಳಗಿನ ಮನೆಗಳ ಊರು ಐದೇ ವರ್ಷಗಳಲ್ಲಿ ರಾಜ್ಯಮಟ್ಟದ ಅಧಿಕಾರಿಯೊಬ್ಬರನ್ನು ಕೊಟ್ಟಿತು.

ಉತ್ತರ 2: ಯಲಹಂಕದಿಂದ, ರೈಲ್ವೆಯಲ್ಲಿ ದುಡಿದವರು

ಅಧ್ಯಾಪಕರು ಬರೆದುದಕ್ಕೆ ನಾನು ರೈಲಿನ ಭಾಗವನ್ನು ಮಾತ್ರ ಸೇರಿಸುತ್ತೇನೆ. 1880ರ ದಶಕದ ನಡುವಿನ ಹೊತ್ತಿಗೆ ಅಲ್ಲಿ ಅಂಗಡಿಗಳು, ಹೋಟೆಲು, ಚರ್ಚುಗಳು, ಶಾಲೆ, ಎರಡು ಪತ್ರಿಕೆಗಳು ಬಂದಿದ್ದವು. 1887ರಲ್ಲಿ ಮಿಸೌರಿ ಪೆಸಿಫಿಕ್ ಕಂಪನಿಯನ್ನು ಕರೆತರಲು ಊರಿನವರು ಮತ ಹಾಕಿ 16,000 ಡಾಲರ್ ಮೊತ್ತದ ಬಾಂಡುಗಳಿಗೆ, ಅಂದರೆ ಊರಿನ ಹೆಸರಿನ ಸಾಲಪತ್ರಗಳಿಗೆ, ಒಪ್ಪಿಗೆ ಕೊಟ್ಟರು. ಹತ್ತು ವರ್ಷಗಳ ಹಿಂದೆ ಉಳಲು ಸಾಕಷ್ಟು ಕುದುರೆಗಳೂ ಇಲ್ಲದೆ ಗುದ್ದಲಿ ಹಿಡಿದಿದ್ದವರು ಅಷ್ಟು ದೊಡ್ಡ ಹೊಣೆಯನ್ನು ಹೊರಲು ಸಿದ್ಧರಾದರು ಎಂದರೆ ಅವರಿಗೆ ಊರಿನ ಮೇಲೆ ಎಷ್ಟು ಭರವಸೆ ಇತ್ತು ಎಂಬುದು ಅರ್ಥವಾಗುತ್ತದೆ. ಆ ಮಾರ್ಗ ಬರಲಿಲ್ಲ. ಮರುವರ್ಷ ಯೂನಿಯನ್ ಪೆಸಿಫಿಕ್ ಕಂಪನಿಯು ಸಾಲೊಮನ್ ನದಿಯ ದಕ್ಷಿಣಕ್ಕೆ ಹಳಿ ಹಾಕಿತು. ಅಲ್ಲಿ ಬೋಗ್ ಎಂಬ ಹೊಸ ಊರು ಎದ್ದಿತು. ಅಂಗಡಿಯವರು ಕಟ್ಟಡ ಸಮೇತ ಅಲ್ಲಿಗೆ ಹೊರಟರು. ಗೋಧಿ ಬೆಳೆಯುವ ಸೀಮೆಯಲ್ಲಿ ಕಾಳನ್ನು ರೈಲಿಗೆ ತುಂಬುವ ಜಾಗವೇ ಸಂತೆಯೂ ಆಗುತ್ತದೆ; ವ್ಯಾಪಾರಿಗೆ ಬೇರೆ ದಾರಿಯಿರಲಿಲ್ಲ.

ಆದರೆ ಹೋದವರು ಯಾರು ಎಂಬುದನ್ನು ಗಮನಿಸಿ. ಅಂಗಡಿ ಹೋಯಿತು, ಹೊಲ ಹೋಗಲಿಲ್ಲ. ಪಟ್ಟಾ ಪಡೆದ ರೈತರು ಸುತ್ತಲಿನ ಜಮೀನಿನಲ್ಲಿ ಉಳಿದು, 1907ರಲ್ಲಿ ಬ್ಯಾಪ್ಟಿಸ್ಟ್ ಚರ್ಚಿಗೆ ಹೊಸ ಕಟ್ಟಡವನ್ನೂ 1918ರಲ್ಲಿ ಹೊಸ ಶಾಲೆಯನ್ನೂ ಕಟ್ಟಿದರು. ರೈಲು ತಪ್ಪಿದ ಕೂಡಲೇ ಊರು ಸತ್ತಿತು ಎನ್ನುವವರು ಈ 30 ವರ್ಷಗಳಿಗೆ ಲೆಕ್ಕ ಕೊಡಬೇಕು.

ಬಸವನಗುಡಿಯ ಓದುಗ:

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ರೈತರೂ ಊರು ಬಿಟ್ಟದ್ದು ಯಾವಾಗ?

ಉತ್ತರ 3: ರಾಜರಾಜೇಶ್ವರಿನಗರದಿಂದ, ಹಿಂದೆ ಕ್ಯಾನ್ಸಸ್‌ನಲ್ಲಿ ಓದಿದವರು

ಅದಕ್ಕೆ ಭೂಗೋಳವನ್ನು ನೋಡಬೇಕು. ನಿಕೋಡೆಮಸ್ ಇರುವುದು 100ನೇ ಪಶ್ಚಿಮ ರೇಖಾಂಶದ ಹತ್ತಿರ, ಸ್ವಲ್ಪ ಪೂರ್ವಕ್ಕೆ. ಆ ರೇಖೆಯ ಆಸುಪಾಸಿನಲ್ಲಿ ವರ್ಷದ ಮಳೆ ಸುಮಾರು 20 ಅಂಗುಲಕ್ಕೆ ಇಳಿಯುತ್ತದೆ. ನಮ್ಮ ಪಾವಗಡ, ಚಳ್ಳಕೆರೆ ಕಡೆಯ ರೈತರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯ ವರ್ಷದಲ್ಲಿ 160 ಎಕರೆ ಒಂದು ಸಂಸಾರವನ್ನು ಸಾಕುತ್ತದೆ, ಮಳೆ ಕೈಕೊಟ್ಟರೆ ಬೀಜವೂ ಮರಳುವುದಿಲ್ಲ. 1930ರ ದಶಕದಲ್ಲಿ ಆರ್ಥಿಕ ಕುಸಿತವೂ ಬರಗಾಲವೂ ಧೂಳಿನ ಬಿರುಗಾಳಿಗಳೂ ಒಟ್ಟಿಗೆ ಬಂದವು. ಮಕ್ಕಳು ಡೆನ್ವರ್‌ನಂತಹ ನಗರಗಳಿಗೆ ಕೆಲಸ ಹುಡುಕಿ ಹೋದರು. ಟ್ರ್ಯಾಕ್ಟರ್ ಬಂದ ಮೇಲೆ ಹೊಲಗಳು ದೊಡ್ಡದಾದವು, ಆಳುಗಳು ಬೇಡವಾದರು. ಇದು ಆ ಸೀಮೆಯ ಬಿಳಿಯರ ಊರುಗಳಿಗೂ ಆದದ್ದೇ. 1950ರ ವೇಳೆಗೆ ಊರಿನಲ್ಲಿ ಉಳಿದವರು 16 ಜನ. 1953ರಲ್ಲಿ ಅಂಚೆ ಕಚೇರಿಯೂ 1960ರಲ್ಲಿ ಶಾಲೆಯೂ ಮುಚ್ಚಿದವು. ಆದ್ದರಿಂದ ರೈಲು ಪೇಟೆಯನ್ನು ಕಿತ್ತುಕೊಂಡಿತು, ಬರಗಾಲವೂ ಯಂತ್ರವೂ ಜನರನ್ನು ಕಳಿಸಿದವು ಎಂದು ಬೇರೆ ಬೇರೆಯಾಗಿ ಹೇಳುವುದೇ ಸರಿ.

ನಾನು ಅಲ್ಲಿಗೆ ಹೋಗಿದ್ದೇನೆ. 24ನೇ ಹೆದ್ದಾರಿಯ ಪಕ್ಕದಲ್ಲಿ ಐದು ಹಳೆಯ ಕಟ್ಟಡಗಳಿವೆ: ಎರಡು ಚರ್ಚುಗಳು, ಹೋಟೆಲಾಗಿದ್ದ ಮನೆ, ಶಾಲೆ, ಮತ್ತು 1939ರಲ್ಲಿ ಸುಣ್ಣಕಲ್ಲಿನಿಂದ ಕಟ್ಟಿದ ಟೌನ್‌ಶಿಪ್ ಹಾಲ್. 1996ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಜುಲೈ ಕೊನೆಯ ವಾರಾಂತ್ಯದಲ್ಲಿ ನಡೆಯುವ ವಿಮೋಚನೆಯ ಹಬ್ಬಕ್ಕೆ ದೂರದ ನಗರಗಳಿಂದ ವಂಶಸ್ಥರು ಬಂದು ಸೇರುತ್ತಾರೆ. ಹಬ್ಬದ ಮೂಲ, ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದ 1834ರ ಆಗಸ್ಟ್ 1ರ ಸ್ಮರಣೆ. ನಿಮ್ಮ ಸಭೆಯಲ್ಲಿ ಸಮಯ ಕಡಿಮೆ ಇದ್ದರೆ ಹಿಲ್ ಅವರ ಭಾಗವನ್ನು ಕಡಿಮೆ ಮಾಡಿ. ಬಾಂಡುಗಳಿಗೆ ಮತ ಹಾಕಿದ ಸಂಗತಿಯನ್ನೂ ಈ ಹಬ್ಬವನ್ನೂ ಬಿಡಬೇಡಿ.